ಬಾಲ ಹಿಡಿದು ಕಲಿತ ಇಂಗ್ಲಿಷ್

ಆಕೆಯ ನಿಜವಾದ ಹೆಸರು ಆಸ್ಪತ್ರೆಯಲ್ಲಿ ಸಂಬಳದ ಪಟ್ಟಿ ಬರೆಯುವವನಿಗೆ ಬಿಟ್ಟರೆ ಬೇರೆ ಯಾರಿಗೂ ಬೇಕಾಗಿರಲಿಲ್ಲ. ಉಳಿದವರಿಗೆಲ್ಲ ಆಕೆ ಫೈಲಮ್ಮ. ವಾರ್ಡಿನಿಂದ ಫೋನು ಬಂದರೆ "ಫೈಲಮ್ಮ ಇದಾರಾ?" ಎಂದೇ ಕೇಳುತ್ತಿದ್ದರು. ಆಕೆಯೂ "ಹೂಂ, ಫೈಲಮ್ಮ ಮಾತಾಡ್ತಿರೋದು" ಎನ್ನುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಕೂತು, ಈ ತಿಂಗಳು ಎಷ್ಟು ಜನ ಸೇರಿದರು, ಎಷ್ಟು ಜನ ಮನೆಗೆ ಹೋದರು, ಎಷ್ಟು ಜನ ಹೋಗಲಿಲ್ಲ ಎಂದು ಅಂಕಿಅಂಶ ಬರೆಯುವ ಗುಮಾಸ್ತ. ನಮ್ಮಿಬ್ಬರ ಕೋಣೆಗಳ ನಡುವೆ ಇದ್ದದ್ದು ಒಂದು ಕಬ್ಬಿಣದ ಕಪಾಟು ಮಾತ್ರ, ಆದ್ದರಿಂದ ಇಪ್ಪತ್ತನಾಲ್ಕು ವರ್ಷ ಆಕೆಯ ಕೆಮ್ಮು, ಸೀನು, ಗೊಣಗಾಟ ಎಲ್ಲವೂ ನನ್ನ ಕಿವಿಗೆ ಬಿದ್ದಿವೆ.

ಆಕೆ ಆ ಕೆಲಸಕ್ಕೆ ಬಂದದ್ದು ಗಂಡ ಸತ್ತ ಮೇಲೆ. ಗಂಡ ಅದೇ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದವನು. ಮೂವತ್ತಾರನೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಶೂ ಹಾಕಿಕೊಳ್ಳಲು ಬಗ್ಗಿದವನು ಮೇಲೇಳಲಿಲ್ಲ. ಮೂರು ದಿನ ವಾರ್ಡಿನಲ್ಲಿದ್ದು ಹೋದ. ವರ್ಷ ಕಳೆದ ಮೇಲೆ ಅವನ ಕೆಲಸದ ಬದಲಿಗೆ ಹೆಂಡತಿಗೆ ಒಂದು ಕೆಲಸ ಕೊಟ್ಟರು. ಲಿಫ್ಟಿನ ಕೆಲಸ ಕೊಡುವುದಕ್ಕಾಗುವುದಿಲ್ಲ, ದಾಖಲೆ ಕೋಣೆಯಲ್ಲಿ ಅಟೆಂಡರ್ ಜಾಗ ಖಾಲಿ ಇದೆ ಎಂದರು. ಆಕೆ ಓದಿದ್ದು ಏಳನೇ ತರಗತಿ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಗುರುತಿಸುತ್ತಿದ್ದಳು. ಅವು ಸೇರಿ ಏನು ಹೇಳುತ್ತವೆ ಎನ್ನುವುದು ಗೊತ್ತಿರಲಿಲ್ಲ.

ಮನೆಯಲ್ಲಿ ಉಳಿದವಳು ನಾದಿನಿ ಒಬ್ಬಳೇ. ಅತ್ತೆ ಮಾವ ಮೊದಲೇ ಹೋಗಿದ್ದರು, ಮಕ್ಕಳಾಗಿರಲಿಲ್ಲ. ನಾದಿನಿ ಅತ್ತಿಗೆಗಿಂತ ಎರಡು ವರ್ಷ ಚಿಕ್ಕವಳು, ಪದವಿ ಮುಗಿಸಿ ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ಕೆಲಸಕ್ಕಿದ್ದವಳು, ಮದುವೆ ಬೇಡವೆಂದು ಕೂತವಳು. ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳನ್ನು ಬಸ್ಸಿನಲ್ಲಿ ನಿಂತುಕೊಂಡೇ ಓದುತ್ತಿದ್ದಳು. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಇಬ್ಬರೂ ಇದ್ದರು. ಜಗಳವಿಲ್ಲ, ಹಾಗೆಂದು ಸಲುಗೆಯೂ ಇಲ್ಲ. ಒಬ್ಬಳು ಅಡುಗೆ ಮಾಡಿದರೆ ಇನ್ನೊಬ್ಬಳು ಪಾತ್ರೆ ತೊಳೆಯುವುದು, ಒಬ್ಬಳು ನೀರು ತುಂಬಿದರೆ ಇನ್ನೊಬ್ಬಳು ಬಟ್ಟೆ ಒಣಗಿಸುವುದು. ನಡುವೆ ಇದ್ದವನೊಬ್ಬ ಎದ್ದು ಹೋದ ಮೇಲೆ ಇಬ್ಬರಿಗೂ ಏನು ಮಾತಾಡಬೇಕೆಂದು ತೋಚುತ್ತಿರಲಿಲ್ಲ.

ದಾಖಲೆ ಕೋಣೆ ನೆಲಮಾಳಿಗೆಯಲ್ಲಿತ್ತು. ಉದ್ದಕ್ಕೆ ಹದಿನೆಂಟು ಸಾಲು ಕಪಾಟು, ಮೇಲಿನ ಖಾನೆಗೆ ಹತ್ತಲು ಚಕ್ರದ ಏಣಿ, ಹಳೆಯ ಕಾಗದದ ಪುಡಿವಾಸನೆ. ರೋಗಿ ಮನೆಗೆ ಹೋದ ಮೇಲೆ ಅವನ ಫೈಲು ಇಲ್ಲಿಗೆ ಬರುತ್ತಿತ್ತು. ರಟ್ಟಿನ ಮೇಲೆ ವಾರ್ಡಿನವರು ಕಾಯಿಲೆಯ ಹೆಸರನ್ನು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತಿದ್ದರು. ಅದನ್ನು ನೋಡಿ ಆಯಾ ವಿಭಾಗದ ಕಪಾಟಿನಲ್ಲಿ, ಕಪಾಟಿನೊಳಗೆ ನಂಬರಿನ ಪ್ರಕಾರ, ಇಡಬೇಕು. ಕೋಣೆಯ ಯಜಮಾನ ಒಬ್ಬ ಹಿರಿಯ ಗುಮಾಸ್ತ. ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದವನು, ಯಾವುದಕ್ಕೂ ಮೂಗಿನ ಮೇಲೆ ಸಿಟ್ಟು ತಂದುಕೊಳ್ಳದವನು.

ಆಕೆ ಸೇರಿ ಮೂರು ವಾರವಾಗಿರಬಹುದು. ಹೃದ್ರೋಗ ವಿಭಾಗದ ಒಂಬತ್ತು ಫೈಲು ಕಾಣೆಯಾದವು. ಎರಡು ದಿನ ಹುಡುಕಿದರು. ಮೂರನೆಯ ದಿನ ಹೃದಯದ ಡಾಕ್ಟರು ಖುದ್ದಾಗಿ ನೆಲಮಾಳಿಗೆಗೆ ಇಳಿದು ಬಂದರು. ಹಿರಿಯ ಗುಮಾಸ್ತ ಬೆವರು ಒರೆಸಿಕೊಳ್ಳುತ್ತ ಹುಡುಕುತ್ತಿದ್ದಾಗ ಒಂಬತ್ತೂ ಒಟ್ಟಿಗೆ ಕಿವಿ ವಿಭಾಗದ ಕಪಾಟಿನಲ್ಲಿ ಸಿಕ್ಕವು, ನಂಬರಿನ ಪ್ರಕಾರ ಅಚ್ಚುಕಟ್ಟಾಗಿ.

"ಇಲ್ಲಿ ಯಾರಮ್ಮ ಇಟ್ಟಿದ್ದು?" ಎಂದ ಗುಮಾಸ್ತ.

"ನಾನೇ."

"ಯಾಕೆ?"

ಆಕೆ ಕಪಾಟಿನ ನೆತ್ತಿಯ ಮೇಲಿದ್ದ ಫಲಕ ತೋರಿಸಿದಳು. ಅಲ್ಲಿ ಇ, ಎ, ಆರ್ ಎಂದಿತ್ತು. ಆಮೇಲೆ ಫೈಲಿನ ರಟ್ಟಿನ ಮೇಲಿದ್ದ ಹಾರ್ಟ್ ಎಂಬ ಪದದ ನಡುವೆ ಬೆರಳಿಟ್ಟಳು. "ಇದರೊಳಗೂ ಅದೇ ಮೂರು ಇವೆಯಲ್ಲ ಸರ್. ಆಚೆ ಒಂದು ಈಚೆ ಒಂದು ಜಾಸ್ತಿ ಇದೆ ಅಷ್ಟೆ. ಕಿವಿಯಲ್ಲೇ ಯಾವುದೋ ದೊಡ್ಡ ಕಾಯಿಲೆ ಅಂದ್ಕೊಂಡೆ."

ಡಾಕ್ಟರು ರಟ್ಟನ್ನು ನೋಡಿದರು, ಫಲಕವನ್ನು ನೋಡಿದರು. "ನಾನು ಇಷ್ಟು ವರ್ಷದಿಂದ ಈ ಪದ ಬರೀತಿದೀನಿ, ಒಳಗೆ ಕಿವಿ ಇದೆ ಅಂತ ಇವತ್ತು ಗೊತ್ತಾಯ್ತು" ಎಂದು ಹೇಳಿ ಫೈಲುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು. ಅವರು ನಗಲಿಲ್ಲ, ಬಯ್ಯಲೂ ಇಲ್ಲ. ಬೈಗುಳ ಬರುವುದೆಂದು ತಲೆ ತಗ್ಗಿಸಿ ನಿಂತಿದ್ದ ಫೈಲಮ್ಮನಿಗೆ ಹಿರಿಯ ಗುಮಾಸ್ತ ಒಂದು ಹಳೆಯ ಖಾಲಿ ರಿಜಿಸ್ಟರ್ ಕೊಟ್ಟ.

"ಹೀಗೆ ಕಂಡದ್ದನ್ನೆಲ್ಲ ಇದರಲ್ಲಿ ಬರ್ಕೊ. ಅರ್ಥ ನನ್ನನ್ನ ಕೇಳು. ಕೇಳದೆ ಮಾತ್ರ ಕಪಾಟಿಗೆ ಇಡಬೇಡ."

ಅಲ್ಲಿಂದ ಆಕೆಯ ಓದು ಶುರುವಾಯಿತು. ಅದು ನಾವು ಶಾಲೆಯಲ್ಲಿ ಕಲಿತ ಕ್ರಮವಲ್ಲ. ಆಕೆ ಪದಗಳನ್ನು ಬಾಯಲ್ಲಿ ಹೇಳುತ್ತಿರಲಿಲ್ಲ, ಕಣ್ಣಲ್ಲಿ ಹಿಡಿಯುತ್ತಿದ್ದಳು. ಮೂರೋ ನಾಲ್ಕೋ ಅಕ್ಷರ ಅದೇ ಸಾಲಿನಲ್ಲಿ ಎರಡು ಕಡೆ ಕಂಡರೆ ಆ ಎರಡು ಪದಗಳನ್ನೂ ರಿಜಿಸ್ಟರಿನಲ್ಲಿ ಒಂದರ ಕೆಳಗೊಂದು ಬರೆದು, ಸಾಮಾನ್ಯವಾದ ಅಕ್ಷರಗಳ ಸುತ್ತ ಪೆನ್ಸಿಲಿನಲ್ಲಿ ಡಬ್ಬಿ ಎಳೆಯುತ್ತಿದ್ದಳು. ಮೊದಲು ಹಿಡಿದದ್ದು ಬಾಲಗಳನ್ನು. ಐ, ಟಿ, ಐ, ಎಸ್ ಎಂಬ ಬಾಲ ಗಂಟಲಿನ ಫೈಲಿನಲ್ಲೂ ಇತ್ತು, ಹೊಟ್ಟೆಯ ಫೈಲಿನಲ್ಲೂ ಇತ್ತು, ಕೀಲು ನೋವಿನ ಫೈಲಿನಲ್ಲೂ ಇತ್ತು.

"ಇದು ಇದ್ರೆ ಊತ, ಉರಿ" ಎಂದ ಹಿರಿಯ ಗುಮಾಸ್ತ. "ಎಲ್ಲಿ ಊತ ಅನ್ನೋದು ಬಾಲದಲ್ಲಿರಲ್ಲ, ತಲೇಲಿರುತ್ತೆ."

"ಅಂದ್ರೆ ತಲೆ ನೋಡಿದ್ರೆ ಜಾಗ, ಬಾಲ ನೋಡಿದ್ರೆ ಕಾಯಿಲೆ."

"ಹಾಗೇ ಇಟ್ಕೊ."

ಆರು ತಿಂಗಳಲ್ಲಿ ಆಕೆ ಒಂದು ಪದದ ತಲೆಯನ್ನೂ ಇನ್ನೊಂದು ಪದದ ಬಾಲವನ್ನೂ ಜೋಡಿಸಿ, ಹಿಂದೆಂದೂ ನೋಡದ ಮೂರನೆಯ ಪದದ ಅರ್ಥ ಹೇಳುವಷ್ಟಾದಳು. ಫೈಲುಗಳು ತಪ್ಪು ಕಪಾಟಿಗೆ ಹೋಗುವುದು ನಿಂತಿತು. ಆದರೆ ಡಬ್ಬಿ ಎಳೆಯುವ ಚಟ ಕಪಾಟಿನ ಆಚೆಗೂ ಹರಿಯಿತು. ಔಷಧಿ ಅಂಗಡಿಯ ಬೋರ್ಡು, ಕ್ಯಾಂಟೀನಿನ ಗೋಡೆ, ಆಂಬುಲೆನ್ಸಿನ ಬಾಗಿಲು ಯಾವುದನ್ನೂ ಬಿಡಲಿಲ್ಲ. ಒಂದು ದಿನ ಕಪಾಟಿನ ಸಂದಿಯಿಂದ ನನ್ನನ್ನು ಕೇಳಿದಳು:

"ಐ, ಎಲ್, ಎಲ್ ಅಂದ್ರೇನು?"

"ಕಾಯಿಲೆ ಬಿದ್ದಿರೋದು."

"ಮಾತ್ರೆಗೆ ಬರೆಯೋ ಪಿಲ್ಲಲ್ಲಿ ಇದೆ, ಚಳಿಗೆ ಬರೆಯೋ ಚಿಲ್ಲಲ್ಲಿ ಇದೆ. ಸರಿ. ಬಿಲ್ಲಿನಲ್ಲೂ ಇದೆಯಲ್ಲ?"

"ಅದು ನೋಡಿದ ಮೇಲೆ ಬರೋ ಕಾಯಿಲೆ" ಎಂದೆ. ಆಕೆ ಅದನ್ನೂ ಬರೆದುಕೊಂಡಳೋ ಏನೋ ಎಂದು ಆಮೇಲೆ ಭಯವಾಗಿ, ತಮಾಷೆ ಮಾಡಿದ್ದು ಎಂದು ಹೋಗಿ ಹೇಳಿ ಬಂದೆ. "ಅಷ್ಟು ಗೊತ್ತಾಗಲ್ವಾ ನಂಗೆ?" ಎಂದಳು.

ಇ, ಎ, ಟಿ ಎಂಬ ಮೂರಕ್ಷರ ಆಕೆಯನ್ನು ಬಹಳ ದಿನ ಕಾಡಿತು. ತಿನ್ನು ಎಂದು ಅರ್ಥ ಸಿಕ್ಕಿತ್ತು. ಅದು ಚಿಕಿತ್ಸೆಗೆ ಬರೆಯುವ ಟ್ರೀಟ್‌ಮೆಂಟ್ ಎಂಬ ಪದದೊಳಗಿತ್ತು, ಉಸಿರಿಗೆ ಬರೆಯುವ ಬ್ರೆತ್ ಎಂಬ ಪದದೊಳಗಿತ್ತು, ಸಾವಿಗೆ ಬರೆಯುವ ಡೆತ್ ಎಂಬ ಪದದೊಳಗೂ ಇತ್ತು. ಮೂರಕ್ಕೂ ಊಟಕ್ಕೂ ಏನು ಸಂಬಂಧ? ಏನೂ ಇಲ್ಲ, ಅಕ್ಷರ ಹಾಗೆ ಬಂದು ಕೂತಿವೆ ಅಷ್ಟೆ ಎಂದು ನಾನು ಹೇಳಿದೆ. ಆಗ ಆಕೆ ರಿಜಿಸ್ಟರಿನ ಪುಟಗಳನ್ನು ಎರಡಾಗಿ ಮಾಡಿಕೊಂಡಳು. ಬಲಗಡೆ ಪುಟದ ಮೇಲೆ 'ನೆಂಟರು' ಎಂದು ಬರೆದಳು, ಎಡಗಡೆ ಪುಟದ ಮೇಲೆ 'ಮುಖ ಹೋಲುವವರು' ಎಂದು. ಅಕ್ಷರವೂ ಒಂದೇ, ಅರ್ಥವೂ ಒಂದೇ ಆಗಿದ್ದರೆ ಬಲಕ್ಕೆ. ಬರೀ ಅಕ್ಷರ ಒಂದೇ ಆಗಿದ್ದರೆ ಎಡಕ್ಕೆ. ಎಡಗಡೆಯ ಪುಟಗಳೇ ಬೇಗ ತುಂಬಿದವು.

ಎರಡನೆಯ ವರ್ಷ ಆಕೆ ತನ್ನ ಗಂಡನ ಫೈಲು ತೆಗೆದಳು. ಇಷ್ಟು ದಿನ ಅದು ಯಾವ ಕಪಾಟಿನಲ್ಲಿದೆ ಎಂದು ಗೊತ್ತಿದ್ದೂ ಮುಟ್ಟಿರಲಿಲ್ಲ. ಸಾವಿನ ಕಾರಣದ ಜಾಗದಲ್ಲಿ ಎರಡು ಪದಗಳಿದ್ದವು. ಎರಡನೆಯದರ ಕೊನೆಯಲ್ಲಿ ಎ, ಜಿ, ಇ. ಅದು ಪ್ರತಿ ಫೈಲಿನ ಮೊದಲ ಹಾಳೆಯಲ್ಲೂ ಇರುವ ಪದ, ವಯಸ್ಸು. ಮೂವತ್ತಾರಕ್ಕೆ ವಯಸ್ಸಾಗಿ ಸತ್ತ ಎಂದು ಯಾರು ಬರೆಯುತ್ತಾರೆ? ಆಕೆ ಅದನ್ನು ತಾನಾಗಿಯೇ ಎಡಗಡೆ ಪುಟಕ್ಕೆ ಹಾಕಿದಳು. ಆಮೇಲೆ ಹಿರಿಯ ಗುಮಾಸ್ತನನ್ನು ಕೇಳಿದಳು. ಅದು ಹೆಮರೇಜ್, ಮಿದುಳಿನಲ್ಲಿ ರಕ್ತ ಸೋರಿದ್ದು ಎಂದು ಅವನು ಹೇಳಿದ. ಆಕೆ "ಸರಿ" ಎಂದು ಫೈಲನ್ನು ಅದರ ಜಾಗದಲ್ಲಿಟ್ಟಳು. ಆ ದಿನ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲಿಲ್ಲ. ಮರುದಿನದಿಂದ ಎಂದಿನ ಹಾಗೆ ಬಿಚ್ಚಿದಳು.

ಈ ವಿದ್ಯೆಯಿಂದ ಒಂದು ಕೆಟ್ಟದ್ದೂ ಆಯಿತು. ಮಗನನ್ನು ಕಳೆದುಕೊಂಡ ಒಬ್ಬ ಮುದುಕ ಯಾವುದೋ ಅರ್ಜಿಗೆ ಬೇಕೆಂದು ಫೈಲಿನ ಪ್ರತಿ ಕೇಳಿಕೊಂಡು ಬಂದ. ಹಿರಿಯ ಗುಮಾಸ್ತ ಅಷ್ಟರಲ್ಲಿ ನಿವೃತ್ತನಾಗಿದ್ದ. ಪ್ರತಿ ಕೈಗೆ ಬಂದ ಮೇಲೆ ಮುದುಕ ಕೇಳಿದ:

"ಏನಂತ ಬರೆದಿದಾರೆ ತಾಯಿ?"

ಮೊದಲ ಪದದ ತಲೆ ಹೃದಯದ್ದು. ಎರಡನೆಯ ಪದದೊಳಗೆ ಆರ್, ಇ, ಎಸ್, ಟಿ ಇತ್ತು. ಡಾಕ್ಟರುಗಳು ದಿನಾ ಬರೆಯುವ ಪದ, ಬೆಡ್ ರೆಸ್ಟ್, ಅದರಲ್ಲಿ ಇದ್ದದ್ದೇ ಅದು.

"ಹೃದಯ ವಿಶ್ರಾಂತಿಗೆ ಹೋಯ್ತು ಅಂತ ಬರೆದಿದಾರೆ" ಎಂದಳು ಫೈಲಮ್ಮ.

ಮುದುಕ ಕಾಗದವನ್ನು ಇನ್ನೊಮ್ಮೆ ನೋಡಿದ. "ಹಾಗಾದ್ರೆ ಕಷ್ಟಪಡಲಿಲ್ಲ" ಎಂದ. ಕಾಗದ ಮಡಚಿಕೊಂಡು ಹೋದ.

ಕಪಾಟಿನ ಈಚೆಗೆ ಕೂತಿದ್ದ ನನಗೆ ಅವನು ಮೆಟ್ಟಿಲು ಹತ್ತಿ ಹೋದ ಮೇಲೆ ಮಾತು ಪೂರ್ತಿ ಅರ್ಥವಾಯಿತು. ಹೋಗಿ ಫೈಲು ನೋಡಿದೆ. ಕಾರ್ಡಿಯಾಕ್ ಅರೆಸ್ಟ್ ಎಂದಿತ್ತು.

"ಇದು ಅರೆಸ್ಟ್" ಎಂದೆ. "ಪೊಲೀಸರು ಮಾಡ್ತಾರಲ್ಲ, ಅದು. ಹೃದಯ ನಿಂತುಹೋಯ್ತು ಅಂತ."

ಅರೆಸ್ಟ್ ಎಂಬ ಮಾತು ಆಕೆ ಎಷ್ಟೋ ಸಲ ಕೇಳಿದ್ದಳು, ಆಡಿದ್ದಳು. ಕಣ್ಣಿಗೆ ಬಿದ್ದ ಅಕ್ಷರವೂ ಬಾಯಲ್ಲಿದ್ದ ಮಾತೂ ಒಂದೇ ಎಂದು ಗೊತ್ತಿರಲಿಲ್ಲ. ಆಕೆ ಓಡಿಹೋಗಿ ಗೇಟಿನವರೆಗೂ ನೋಡಿ ಬಂದಳು. ಮುದುಕ ಸಿಗಲಿಲ್ಲ. ರಿಜಿಸ್ಟರಿನ ಒಳರಟ್ಟಿನ ಮೇಲೆ 'ಹೊರಗಿನವರಿಗೆ ಅರ್ಥ ಹೇಳಬಾರದು' ಎಂದು ಬರೆದಳು. ಆಮೇಲೆ ಯಾರು ಕೇಳಿದರೂ "ಡಾಕ್ಟರನ್ನ ಕೇಳಿ" ಎನ್ನುವುದನ್ನು ಅಭ್ಯಾಸ ಮಾಡಿಕೊಂಡಳು. ಅದರಿಂದ ಆಕೆಗೆ ಸೊಕ್ಕು ಎಂದು ಕೆಲವರು ಹೇಳಿದ್ದೂ ಉಂಟು.

ಆ ಕಾಲದಲ್ಲಿ ಶಸ್ತ್ರಚಿಕಿತ್ಸೆ ವಿಭಾಗಕ್ಕೆ ಒಬ್ಬ ಡಾಕ್ಟರಮ್ಮ ಹೊಸದಾಗಿ ಬಂದಿದ್ದರು. ಹಳೆಯ ಫೈಲುಗಳನ್ನು ತಾವೇ ಬಂದು ಓದುವವರು. ಒಂದು ದಿನ ಫೈಲಮ್ಮನ ರಿಜಿಸ್ಟರು ಮೇಜಿನ ಮೇಲೆ ತೆರೆದಿತ್ತು. ಡಾಕ್ಟರಮ್ಮ ಕೇಳದೆಯೇ ಕೂತು ಪುಟ ತಿರುವಿದರು.

"ಇದೇನು, ಟಾಮಿ ಅಂತ ಒಂದು ಪುಟ? ನಾಯಿ ಸಾಕಿದೀರಾ?"

ಟಿ, ಓ, ಎಂ, ವೈ ಎಂದು ಕೊನೆಯಾಗುವ ಇಪ್ಪತ್ತಮೂರು ಪದಗಳನ್ನು ಫೈಲಮ್ಮ ಆ ಪುಟದಲ್ಲಿ ಕೂಡಿಹಾಕಿದ್ದಳು. ಅರ್ಥ, ಕುಯ್ದದ್ದು. ಡಾಕ್ಟರಮ್ಮ ಪೆನ್ಸಿಲ್ ತೆಗೆದುಕೊಂಡು ಪಟ್ಟಿಯನ್ನು ಎರಡು ಮಾಡಿದರು.

"ಡಬ್ಬಿಯನ್ನ ಇನ್ನೂ ಸ್ವಲ್ಪ ಎಡಕ್ಕೆ ಎಳೀಬೇಕು ನೀವು. ಟಾಮಿ ಹಿಂದೆ ಬರೀ ಓ ಇದ್ರೆ ಆಟಮಿ. ಕುಯ್ದು ತೆರೆದು ನೋಡಿದ್ದು. ಇ, ಸಿ ಇದ್ರೆ ಎಕ್ಟಮಿ. ಕುಯ್ದು ಆಚೆ ತೆಗೆದು ಹಾಕಿದ್ದು. ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ."

"ಎರಡೂ ನೆಂಟರೇ, ಆದ್ರೆ ಗುಣ ಬೇರೆ."

"ಹಾಂ. ಒಬ್ಬರು ಮನೆಗೆ ಬಂದು ನೋಡ್ಕೊಂಡು ಹೋಗ್ತಾರೆ, ಇನ್ನೊಬ್ಬರು ಸಾಮಾನು ಎತ್ಕೊಂಡು ಹೋಗ್ತಾರೆ."

ಇದಾಗಿ ಹತ್ತು ಹನ್ನೊಂದು ವರ್ಷ ಏನೂ ಹೇಳುವಂಥದ್ದು ನಡೆಯಲಿಲ್ಲ. ರಿಜಿಸ್ಟರು ಮೂರಾದವು. ಫೈಲಮ್ಮನ ತಲೆ ನರೆಯಿತು. ಡಾಕ್ಟರಮ್ಮ ವಿಭಾಗದ ಮುಖ್ಯಸ್ಥೆಯಾದರು. ಮನೆಯಲ್ಲಿ ನಾದಿನಿಗೆ ಈ ರಿಜಿಸ್ಟರುಗಳ ಸುದ್ದಿ ಅಷ್ಟಿಷ್ಟು ಗೊತ್ತಿತ್ತು. "ನಮ್ಮತ್ತಿಗೆ ಇಂಗ್ಲಿಷನ್ನ ಸೊಪ್ಪು ಬಿಡಿಸಿದ ಹಾಗೆ ಬಿಡಿಸ್ತಾರೆ" ಎಂದು ಯಾರ ಮುಂದೆಯೋ ಹೇಳಿದ್ದಳಂತೆ. ಅದು ಹೊಗಳಿಕೆಯೋ ಅಲ್ಲವೋ ಎಂದು ಫೈಲಮ್ಮ ನನ್ನನ್ನು ಕೇಳಿದಳು. ನನಗೂ ಗೊತ್ತಾಗಲಿಲ್ಲ.

ನಾದಿನಿಯ ನಲವತ್ತನಾಲ್ಕನೇ ವಯಸ್ಸಿನಲ್ಲಿ, ಒಂದು ಮಂಗಳವಾರ, ಅವಳಿಗೆ ಹೊಟ್ಟೆಯ ಬಲಗಡೆ ಕೆಳಗೆ ನೋವು ಬಂತು. ಜ್ವರ, ವಾಂತಿ. ನಮ್ಮ ಆಸ್ಪತ್ರೆಗೇ ಸೇರಿಸಿದರು. ಡಾಕ್ಟರಮ್ಮ ಊರಲ್ಲಿರಲಿಲ್ಲ, ಗುರುವಾರ ಬರುವವರಿದ್ದರು. ವಾರ್ಡಿನಲ್ಲಿದ್ದ ಕಿರಿಯ ಡಾಕ್ಟರು ಹೊಟ್ಟೆಯ ಮೇಲಿನ ಹಳೆಯ ಗಾಯದ ಕಲೆ ನೋಡಿ ಏನದು ಎಂದು ಕೇಳಿದರು. ನಾದಿನಿ ಚೊಕ್ಕ ಇಂಗ್ಲಿಷಿನಲ್ಲಿ, ಹದಿನಾಲ್ಕು ವರ್ಷದ ಹಿಂದೆ ಅಪೆಂಡಿಕ್ಸ್ ತೆಗೆದಾಗಿದೆ ಎಂದಳು. ಅವರು ಬರೆದುಕೊಂಡರು. ಹಾಗಾದರೆ ನೋವು ಅದರದ್ದಲ್ಲ ಎಂದು ಮೂತ್ರಕೋಶ, ಕರುಳು ಎಂದು ಬೇರೆ ಪರೀಕ್ಷೆಗಳಿಗೆ ಹೊರಟರು. ಸ್ಕ್ಯಾನಿನಲ್ಲಿ ಏನೋ ಗಂಟಿನ ಹಾಗಿದೆ, ಏನೆಂದು ಖಚಿತವಾಗಿ ಹೇಳಲಾಗದು ಎಂದು ಬಂತು. ಔಷಧಿ ಕೊಟ್ಟು ಕಾದರು.

ಬುಧವಾರ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಬಿಸಿನೀರು ತಂದಿಟ್ಟ ಫೈಲಮ್ಮ ಮಂಚದ ಕಾಲಿಗೆ ತೂಗುಹಾಕಿದ್ದ ಹಾಳೆ ನೋಡಿದಳು. ಅಲ್ಲಿ ಅಪೆಂಡಿಸೆಕ್ಟಮಿ ಎಂದು ಬರೆದಿತ್ತು. ಬಾಲದಲ್ಲಿ ಇ, ಸಿ ಇತ್ತು. ಸರಿಯಾಗಿಯೇ ಇದೆ. ಆದರೆ ಹಳೆಯ ಫೈಲು ತರಿಸಿ ನೋಡಿ ಬರೆದದ್ದಲ್ಲ ಎನ್ನುವುದು ಆಕೆಗೆ ಗೊತ್ತಿತ್ತು. ತರಿಸಿದ್ದರೆ ಚೀಟಿ ತನ್ನ ಕೈಗೇ ಬರಬೇಕಿತ್ತು. ಹತ್ತು ವರ್ಷ ದಾಟಿದ ಫೈಲುಗಳನ್ನು ಕಟ್ಟು ಕಟ್ಟಿ ಅಟ್ಟಕ್ಕೆ ಹಾಕಿರುತ್ತಿದ್ದರು. ಅವನ್ನು ನಾಶ ಮಾಡಲು ಒಂದು ಸಮಿತಿ ಸೇರಬೇಕಿತ್ತು, ಅದು ಸೇರಿರಲಿಲ್ಲ. ಅಟ್ಟದ ಫೈಲನ್ನು ಯಾರೂ ಕೇಳುತ್ತಿರಲಿಲ್ಲ.

ಕೆಳಗಿಳಿದು ಬಂದವಳೇ ನನ್ನನ್ನು ಕರೆದಳು. "ಏಣಿ ಹಿಡ್ಕೊಳ್ಳಿ."

ನಾದಿನಿಯ ಹಳೆಯ ಆಪರೇಷನ್ ಆದ ದಿನ ಯಾವುದೆಂದು ಹುಡುಕುವುದು ಕಷ್ಟವಾಗಲಿಲ್ಲ. ತಂಗಿಯನ್ನು ಆ ದಿನ ಆಪರೇಷನ್ ಕೋಣೆಗೆ ತನ್ನ ಲಿಫ್ಟಿನಲ್ಲಿ ತಾನೇ ಕರೆದುಕೊಂಡು ಹೋಗಿದ್ದನಂತೆ ಫೈಲಮ್ಮನ ಗಂಡ. ಸರಿಯಾಗಿ ನಾಲ್ಕು ವಾರಕ್ಕೆ ಅವನೇ ಬಿದ್ದ. ಅವನು ಹೋದ ದಿನದಿಂದ ಹಿಂದಕ್ಕೆ ಎಣಿಸಿದರೆ ಆಯಿತು. ಆದರೂ ಕಟ್ಟುಗಳು ಅಸ್ತವ್ಯಸ್ತವಾಗಿದ್ದುದರಿಂದ ಮಧ್ಯಾಹ್ನ ಮೂರು ಗಂಟೆಯಾಯಿತು. ನನ್ನ ಅಂಗಿಯೆಲ್ಲ ಧೂಳು. ಕೊನೆಗೆ ಫೈಲು ಸಿಕ್ಕಿತು. ಇಲಿ ಒಂದು ಮೂಲೆ ತಿಂದಿತ್ತು, ಅಕ್ಷರ ಉಳಿದಿದ್ದವು.

ಫೈಲಮ್ಮ ಮೊದಲ ಹಾಳೆಯ ಮೇಲೆ ಬೆರಳಿಟ್ಟಳು. ಆಪರೇಷನ್ನಿನ ಹೆಸರು ಲ್ಯಾಪರಾಟಮಿ.

"ಇದರಲ್ಲಿ ಇ, ಸಿ ಇಲ್ಲ" ಎಂದಳು.

ಪುಟ ತಿರುವಿದಳು. ನಡುವಿನ ಹಾಳೆಗಳಲ್ಲೆಲ್ಲೂ ಎಕ್ಟಮಿ ಬಾಲವಿರಲಿಲ್ಲ. ಕಟ್ಟಕಡೆಯ ಹಾಳೆಯಲ್ಲಿ, ಮನೆಗೆ ಕಳಿಸುವಾಗ ಬರೆದ ಸಾಲಿನಲ್ಲಿ, ಅದು ಸಿಕ್ಕಿತು. ಅದರ ಹಿಂದೆ ಆರು ಎಂಬ ಅಂಕಿ ಇತ್ತು.

"ಇಲ್ಲಿದೆ. ಆದ್ರೆ ಆರು ಅಂದ್ರೇನು? ಓದಿ ನೀವು."

ನಾನು ಓದಿ ಹೇಳಿದೆ. ಹೊಟ್ಟೆ ತೆರೆದು ನೋಡಿದಾಗ ಅಪೆಂಡಿಕ್ಸಿನ ಸುತ್ತ ಕೀವು ಕಟ್ಟಿತ್ತು, ಕೀವು ಹೊರಗೆ ಹರಿಸಿ ಶುಚಿ ಮಾಡಲಾಗಿದೆ, ಅಪೆಂಡಿಕ್ಸನ್ನು ಈಗ ಮುಟ್ಟಿಲ್ಲ, ಆರು ವಾರದ ಮೇಲೆ ಬಂದು ತೆಗೆಸಿಕೊಳ್ಳಬೇಕು.

ಮನೆಗೆ ಕಳಿಸುವಾಗ ಕೊಟ್ಟ ಚೀಟಿ ಅವಳ ಅಣ್ಣನ ಜೇಬಿನಲ್ಲೇ ಉಳಿದಿತ್ತೋ ಏನೋ. ಆರು ವಾರದ ಹೊತ್ತಿಗೆ ಆ ಮನೆಯಲ್ಲಿ ಯಾರಿಗೆ ಯಾವುದರ ನೆನಪಿತ್ತು!

ಆಕೆ ಫೈಲು ಹಿಡಿದುಕೊಂಡು ವಾರ್ಡಿಗೆ ಹೋದಳು. ನಾನೂ ಹಿಂದೆ ಹೋದೆ. ಕಿರಿಯ ಡಾಕ್ಟರು ಇರಲಿಲ್ಲ. ನಾದಿನಿ ಮುಖ ಕಿವುಚಿಕೊಂಡು ಮಲಗಿದ್ದಳು.

"ನಿಮ್ಮ ಅಪೆಂಡಿಕ್ಸ್ ತೆಗೆದಿಲ್ಲ" ಎಂದಳು ಫೈಲಮ್ಮ, ಪೀಠಿಕೆಯಿಲ್ಲದೆ.

"ಏನು ಅತ್ತಿಗೆ ನೀವು? ನನ್ನ ಹೊಟ್ಟೆ ವಿಷಯ ನಂಗೆ ಗೊತ್ತಿಲ್ವಾ? ಅಣ್ಣನೇ ಬಂದು ಹೇಳಿದ್ನಲ್ಲ."

"ಏನಂತ ಹೇಳಿದ್ರು?"

"ತೆಗೆದ್ರಂತೆ ಅಂದ. ಡಾಕ್ಟರು ಹೊರಗೆ ಬಂದು ಹೇಳಿದ್ರಂತೆ, ಹೊಟ್ಟೆ ತೆಗೆದು ಎಲ್ಲ ಶುಚಿ ಮಾಡಿದೀವಿ ಅಂತ."

"ಬಾಗಿಲು ತೆಗೀತೀವಲ್ಲ, ಹಾಗೆ ತೆಗೆದಿದ್ದು. ಬಾಗಿಲು ಕಿತ್ತು ಆಚೆ ಹಾಕಿದ್ದಲ್ಲ."

ನಾದಿನಿ ಕಣ್ಣು ಬಿಟ್ಟು ನೋಡಿದಳು. "ಅಂದ್ರೆ ಅಣ್ಣ ಸುಳ್ಳು ಹೇಳಿದ್ನಾ?"

"ಇಲ್ಲ. ಡಾಕ್ಟರು ತೆಗೆದ್ವಿ ಅಂದ್ರು. ಇವರು ತೆಗೆದ್ರು ಅಂತ ಕೇಳಿಸ್ಕೊಂಡ್ರು. ಇಬ್ಬರೂ ಹೇಳಿದ್ದು ಒಂದೇ ಮಾತು. ನಮ್ಮ ಮಾತಲ್ಲಿ ಎರಡಕ್ಕೂ ಅದೇ ಅಲ್ವಾ? ಇಂಗ್ಲಿಷಲ್ಲಿ ಬೇರೆ ಬೇರೆ ಬರೆದಿದಾರೆ, ನೋಡಿ." ಹಾಳೆಯನ್ನು ಅವಳ ಕಣ್ಣ ಮುಂದೆ ಹಿಡಿದಳು.

ನಾದಿನಿ ಓದಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಗೋಡೆಯ ಕಡೆ ತಿರುಗಿದಳು. ನೋವಿನಿಂದಲೋ ಬೇರೆ ಯಾವುದರಿಂದಲೋ ಗೊತ್ತಿಲ್ಲ, ನಾನು ಅಷ್ಟರಲ್ಲಿ ಹೊರಗೆ ಬಂದಿದ್ದೆ.

ಕಿರಿಯ ಡಾಕ್ಟರು ಬಂದ ಮೇಲೆ ಸುಲಭವಾಗಲಿಲ್ಲ. "ರೋಗಿ ಓದಿದವರು, ಅವರೇ ಹೇಳಿದಾರೆ. ಫೈಲ್ ತರೋಕೆ ನೀವು ಯಾರು?" ಎಂದರು.

"ದಾಖಲೆ ಕೋಣೆ ಅಟೆಂಡರ್."

"ಯಾರು ಕೇಳಿದ್ರು?"

"ಯಾರೂ ಕೇಳಲಿಲ್ಲ. ನೀವು ಕೇಳಬೇಕಿತ್ತು."

ಇಷ್ಟು ವರ್ಷದಲ್ಲಿ ಆಕೆ ಯಾವ ಡಾಕ್ಟರಿಗೂ ಹಾಗೆ ಹೇಳಿದ್ದನ್ನು ನಾನು ಕಂಡಿರಲಿಲ್ಲ. ಅವರ ಮುಖ ಕೆಂಪಾಯಿತು. ಆದರೂ ಫೈಲನ್ನು ಕೈಗೆ ತೆಗೆದುಕೊಂಡರು, ಓದಿದರು, ಹೋಗಿ ಡಾಕ್ಟರಮ್ಮನಿಗೆ ಫೋನು ಮಾಡಿದರು. ಡಾಕ್ಟರಮ್ಮ ಮರುದಿನದ ಬದಲು ಅಂದೇ ಸಂಜೆಯ ಬಸ್ಸಿಗೆ ಹೊರಟು ಬಂದರು. ಆಪರೇಷನ್ ಆಯಿತು. ಹಳೆಯ ಅಪೆಂಡಿಕ್ಸೇ, ಒಡೆಯುವ ಹಂತಕ್ಕೆ ಬಂದಿತ್ತು. ಈ ಸಲ ಹೊರಗೆ ಬಂದ ಡಾಕ್ಟರಮ್ಮ ಒಂದು ಚಿಕ್ಕ ಗಾಜಿನ ಡಬ್ಬಿ ತಂದು ಫೈಲಮ್ಮನಿಗೆ ತೋರಿಸಿದರು.

"ಇದು ಎಕ್ಟಮಿ" ಎಂದರು.

ನಾದಿನಿ ಹನ್ನೊಂದನೆಯ ದಿನ ಮನೆಗೆ ಹೋದಳು.

ಹದಿನೈದನೆಯ ದಿನ ಫೈಲಮ್ಮನಿಗೆ ಮೆಮೊ ಬಂತು. ಕಿರಿಯ ಡಾಕ್ಟರು ಕೊಡಿಸಿದ್ದೇನೂ ಅಲ್ಲ. ಅಟ್ಟದ ಕಟ್ಟು ಬಿಚ್ಚಿದ್ದು ಆಡಳಿತಾಧಿಕಾರಿಯ ಗಮನಕ್ಕೆ ಬಂದಿತ್ತು. ಲಿಖಿತ ಕೋರಿಕೆಯಿಲ್ಲದೆ ಹಳೆಯ ದಾಖಲೆ ತೆಗೆದದ್ದು, ಓದಿದ್ದು, ಅದರಲ್ಲಿದ್ದ ವಿಷಯವನ್ನು ರೋಗಿಗೆ ತಿಳಿಸಿದ್ದು, ಮೂರು ತಪ್ಪು. ವಿವರಣೆ ಕೊಡಬೇಕು. ಮೆಮೊ ಇಂಗ್ಲಿಷಿನಲ್ಲಿತ್ತು. ನಾನು ಓದಿ ಹೇಳಲು ಹೋದೆ.

"ಬೇಡ, ಗೊತ್ತಾಯ್ತು" ಎಂದಳು.

ಆಕೆಗೆ ಭಯವಾಗಿತ್ತು. ಕೆಲಸ ಹೋದರೆ ಎಂದು ಎರಡು ದಿನ ಮಂಕಾಗಿದ್ದಳು. ಉತ್ತರ ಬರೆಯಲು ಕೂತವಳು ನಾದಿನಿ. ಇನ್ನೂ ಹೊಲಿಗೆಯ ನೋವಿದ್ದರೂ ದಿಂಬಿಗೆ ಒರಗಿ ಒಂದೂವರೆ ಪುಟ ಇಂಗ್ಲಿಷಿನಲ್ಲಿ ಬರೆದಳಂತೆ. ಅದರಲ್ಲಿ ಅತ್ತಿಗೆಯನ್ನು ಬಹಳ ಹೊಗಳಿದ್ದಳಂತೆ, ಆಸ್ಪತ್ರೆಯನ್ನು ಅಷ್ಟೇ ತೆಗಳಿದ್ದಳಂತೆ. ಫೈಲಮ್ಮ ಅದನ್ನು ಪೂರ್ತಿ ಕೇಳಿಸಿಕೊಂಡು ಮಡಚಿ ಪೆಟ್ಟಿಗೆಯಲ್ಲಿಟ್ಟಳು. ತಾನು ಕನ್ನಡದಲ್ಲಿ ಮೂರು ಸಾಲು ಬರೆದುಕೊಟ್ಟಳು: ದಾಖಲೆ ತೆಗೆದದ್ದು ನಿಜ. ಓದಿದ್ದು ನಿಜ. ಹೇಳಿದ್ದು ನಿಜ, ಹೊರಗಿನವರಿಗಲ್ಲ, ಮನೆಯವಳಿಗೆ.

ಡಾಕ್ಟರಮ್ಮ ಆಡಳಿತಾಧಿಕಾರಿಯ ಕೋಣೆಗೆ ಹೋಗಿ ಅರ್ಧ ಗಂಟೆ ಕೂತು ಬಂದರು. ಒಳಗೆ ಏನು ಮಾತಾಯಿತೋ ತಿಳಿಯದು. ಎಚ್ಚರಿಕೆ ಕೊಟ್ಟು ವಿಷಯ ಮುಗಿಸಿದರು. ಆಕೆಯ ಸೇವಾ ಪುಸ್ತಕದಲ್ಲಿ ಆ ಎಚ್ಚರಿಕೆ ಈಗಲೂ ಇದೆ. ಅದರ ಜೊತೆಗೇ ಇನ್ನೊಂದು ಸುತ್ತೋಲೆ ಹೊರಟಿತು: ಹಳೆಯ ಗಾಯದ ಕಲೆಯಿರುವ ಯಾರೇ ಸೇರಿದರೂ, ಎಷ್ಟೇ ಹಳೆಯದಿರಲಿ, ಫೈಲು ತರಿಸಿ ನೋಡತಕ್ಕದ್ದು. ಅದರಿಂದ ಫೈಲಮ್ಮನಿಗೆ ಏಣಿ ಹತ್ತುವ ಕೆಲಸ ದುಪ್ಪಟ್ಟಾಯಿತು. ಅದಕ್ಕೆ ನನ್ನ ಹತ್ತಿರ ಗೊಣಗಿದಳು.

ಮನೆಯಲ್ಲಿ ಮಾತ್ರ ಏನೋ ಸಡಿಲವಾಯಿತು. ನಾದಿನಿ ಒಂದು ಭಾನುವಾರ ಮೂರೂ ರಿಜಿಸ್ಟರು ತರಿಸಿಕೊಂಡು, ನಿಘಂಟು ಪಕ್ಕದಲ್ಲಿಟ್ಟುಕೊಂಡು ತಿದ್ದಲು ಕೂತಳು. ಎಡಗಡೆ ಪುಟದಲ್ಲಿದ್ದ ಎಷ್ಟೋ ಪದಗಳು ನಿಜಕ್ಕೂ ನೆಂಟರೇ ಎಂದು ಗೊತ್ತಾಗಿ ಬಲಕ್ಕೆ ಬಂದವು. ಬಲದಲ್ಲಿದ್ದ ಕೆಲವು ಎಡಕ್ಕೆ ಹೋದವು. ಇಬ್ಬರೂ ಒಂದೊಂದು ಪದಕ್ಕೆ ಜಗಳ ಆಡುತ್ತಿದ್ದರಂತೆ. "ಮೊದಲ ಸಲ ಜಗಳ ಆಡಿದ್ವಿ ನೋಡಿ ನಾವು" ಎಂದು ಫೈಲಮ್ಮ ಸಂತೋಷದಿಂದಲೇ ಹೇಳಿದಳು.

ಆಕೆಯ ಐವತ್ತಾರನೇ ವಯಸ್ಸಿನಲ್ಲಿ ಕಂಪ್ಯೂಟರ್ ಬಂತು. ಕಾಯಿಲೆಗಳ ಹೆಸರು ಹೋಗಿ ಅಂಕಿಗಳ ಸಂಕೇತ ಬಂತು. ಅಂಕಿಗಳಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ರಟ್ಟಿನ ಮೇಲೆ ಪದ ಬರೆಯುವುದೇ ನಿಂತಿತು. ಒಂದು ವರ್ಷ ಇದ್ದು ಆಕೆ ತಾನಾಗಿಯೇ ಬೇರೆ ಕೆಲಸ ಕೇಳಿಕೊಂಡಳು. ಹಾಸಿಗೆ ಬಟ್ಟೆಯ ಉಗ್ರಾಣಕ್ಕೆ ಹಾಕಿದರು. ಅಲ್ಲಿ ಓದುವುದೇನೂ ಇರಲಿಲ್ಲ, ಎಣಿಸುವುದಿತ್ತು. ಮೂರು ವರ್ಷ ಎಣಿಸಿ ನಿವೃತ್ತಳಾದಳು. ರಿಜಿಸ್ಟರುಗಳನ್ನು ನರ್ಸಿಂಗ್ ಕಲಿಯುವವರ ಗ್ರಂಥಾಲಯಕ್ಕೆ ಕೊಡಿ ಎಂದು ಡಾಕ್ಟರಮ್ಮ ಕೇಳಿದ್ದರು. ಎರಡು ಕೊಟ್ಟಳು. ಗಂಡನ ಫೈಲಿನ ಪದವಿದ್ದ ಒಂದನ್ನು ಕೊಡಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ.

ಕೊಟ್ಟ ಎರಡರ ನಕಲುಗಳು ಈಗ ಹುಡುಗಿಯರ ಕೈಯಲ್ಲಿ ಓಡಾಡುತ್ತಿವೆ. ಟಾಮಿ ಪುಟವನ್ನು ಪರೀಕ್ಷೆಯ ಹಿಂದಿನ ದಿನ ಬಾಯಿಪಾಠ ಮಾಡುತ್ತಾರಂತೆ.

ಕಳೆದ ತಿಂಗಳು ನಾನು ಆಕೆಯ ಮನೆಗೆ ಹೋಗಿದ್ದೆ. ಮೆಟ್ಟಿಲು ಹತ್ತಲಾಗದೆ ನೆಲಮಹಡಿಯ ಮನೆಗೆ ಬಂದಿದ್ದಾರೆ. ನಾದಿನಿಗೆ ಕಣ್ಣು ಮಂಜು, ಸಣ್ಣ ಅಕ್ಷರ ಕಾಣುವುದಿಲ್ಲ. ಹೊಸ ಕಣ್ಣಿನ ಔಷಧಿಯ ಡಬ್ಬಿಯೊಳಗಿನ ಚೀಟಿಯನ್ನು ಫೈಲಮ್ಮ ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಓದುತ್ತಿದ್ದಳು. ನಾದಿನಿ ಕೇಳಿಕೊಂಡು ಪದ ಹೇಳುತ್ತಿದ್ದಳು.

"ಇನ್ನೊಂದ್ಸಲ ಹೇಳಿ. ಎಂ ಆದ ಮೇಲೆ?"

"ಎಂ ಅಲ್ಲ, ಎನ್."

"ಹಾಗಾದ್ರೆ ಪೂರ್ತಿ ಬೇರೆ. ಮೊದಲಿಂದ ಬನ್ನಿ."

ನಾನು ಟೀ ಕುಡಿದು ಮುಗಿಸುವಷ್ಟರಲ್ಲಿ ಅರ್ಧ ಚೀಟಿ ಆಗಿತ್ತು. ಇನ್ನರ್ಧವನ್ನು ಸಂಜೆಗೆ ಇಟ್ಟುಕೊಂಡು ಇಬ್ಬರೂ ನನ್ನನ್ನು ಬಸ್ ನಿಲ್ದಾಣದವರೆಗೆ ಕಳಿಸಲು ಬಂದರು.